ಬಚ್ಚಲ ನೀರು ಇಳಿಯೋ ಗೋಡೆ, ದೇಶದ ವಸತಿ ನೀತಿ

ಪ್ರಶ್ನೆ: ಮೇಡಂ ನಮಸ್ಕಾರ. ನಾವು ಮೊದ್ಲು ಮಂಡಕ್ಕಿ ಭಟ್ಟಿ ಹತ್ರ ತಗಡಿನ ಶೆಡ್‌ನಲ್ಲಿ ಇದ್ವಿ, ಈಗ ಸರ್ಕಾರ ಕಟ್ಟಿಸಿಕೊಟ್ಟ ಮನೆ, ಎರಡನೇ ಮಹಡಿ. ಮನೆ ಸಿಕ್ಕಿದ್ದಕ್ಕೆ ಖುಷಿ ಇದೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮತ್ತೆ ಶೆಡ್ ಮುಂದೆ ಕೂತು ಮೊರ ಹಿಡಿದು ಮಂಡಕ್ಕಿ ಕೇರಿ ಕೈಖರ್ಚಿಗೆ ದುಡ್ಕೊಳ್ತಿದ್ರು, ಈಗ ಮಂಡಿನೋವು, ಮೆಟ್ಲು ಇಳಿಯಕ್ಕಾಗಲ್ಲ, ಕೆಲ್ಸ ನಿಂತೇ ಹೋಯ್ತು. ಮೇಲಿನ ಮನೆ ಬಚ್ಚಲ ನೀರು ನಮ್ಮ ಅಡುಗೆಮನೆ ಗೋಡೆಗೆ ಇಳಿಯುತ್ತೆ. ಹೇಳಿದ್ರೆ "ಮನೆ ಕೊಟ್ಟಿದಾರಲ್ಲ, ಸುಮ್ನಿರಮ್ಮ" ಅಂತಾರೆ. ಪುಕ್ಕಟೆ ಏನಲ್ಲ ಮೇಡಂ, ವಂತಿಗೆ ಕಟ್ಟೋಕೆ ಸಂಘದಲ್ಲಿ ಸಾಲ ಮಾಡಿದೀವಿ. ಇಂಗ್ಲೆಂಡ್‌ನಲ್ಲಿ ಸರ್ಕಾರಿ ಮನೇಲಿರೋರನ್ನ ಕೇಳಿ ವಸತಿ ನೀತಿ ಮಾಡ್ತಾರೆ ಅಂತ ಮಗಳು ಕಾಲೇಜಲ್ಲಿ ಕೇಳ್ಕೊಂಡು ಬಂದ್ಲು, ನಿಜಾನಾ? ನಮ್ಮನ್ನ ಯಾಕೆ ಯಾರೂ ಕೇಳಲ್ಲ?
— ಹೆಸರು ಹಾಕ್ಬೇಡಿ ಅಂದ ಓದುಗರು, ದಾವಣಗೆರೆ

ಉತ್ತರ: ಅಕ್ಕ, ಮಗಳು ಹೇಳಿದ್ದು ನಿಜ, ಆದ್ರೆ ಅಲ್ಲೂ ಸುಲಭಕ್ಕೆ ಸಿಕ್ಕಿದ್ದಲ್ಲ. ಅಲ್ಲಿ ಸರ್ಕಾರಿ ಮನೇಲಿರೋರು ಬಾಡಿಗೆದಾರರು, ಅವರ ಮಾತು ನೇರ ಅಲ್ಲಿನ ಕೇಂದ್ರ ಸರ್ಕಾರಕ್ಕೆ ಮುಟ್ಲಿ ಅಂತ 2010ರಲ್ಲಿ ನ್ಯಾಷನಲ್ ಟೆನೆಂಟ್ ವಾಯ್ಸ್ ಅಂತ ಒಂದು ಸಂಸ್ಥೆ ಶುರುವಾಯ್ತು, ಅದೇ ವರ್ಷ ಸರ್ಕಾರ ಬದಲಾಯ್ತು, ಹೊಸಬರು ಬಂದು ಅದನ್ನ ನಿಲ್ಲಿಸಿಬಿಟ್ರು. ಆಮೇಲೆ ಲಂಡನ್ನಿನ ಗ್ರೆನ್‌ಫೆಲ್ ಟವರ್, 24 ಅಂತಸ್ತಿನ ಸರ್ಕಾರಿ ಮನೆಗಳ ಕಟ್ಟಡ. ಬೆಂಕಿ ಭಯ ಇದೆ ಅಂತ ಅಲ್ಲಿದ್ದೋರು ವರ್ಷಗಟ್ಲೆ ಬರೆದ್ರು, ದೊಡ್ಡ ಅನಾಹುತ ಆಗೋವರೆಗೂ ನಮ್ಮ ಮಾತು ಯಾರೂ ಕೇಳಲ್ಲ ಅಂತ 2016ರ ನವೆಂಬರ್‌ನಲ್ಲೂ ಬರೆದಿದ್ರು. 2017ರ ಜೂನ್ 14ಕ್ಕೆ, ನಡುರಾತ್ರಿ ಕಳೆದ ಮೇಲೆ, ಬೆಂಕಿ ಬಿತ್ತು, 72 ಜನ ಹೋದ್ರು. ಅದಾದ್ಮೇಲೆ ಮಂತ್ರಿಗಳು ಊರೂರಿಗೆ ಹೋಗಿ ಹತ್ತಿರ ಹತ್ತಿರ ಸಾವಿರ ನಿವಾಸಿಗಳನ್ನ ಕೂರಿಸ್ಕೊಂಡು ಕೇಳಿದ್ರು, 2018ರಲ್ಲಿ ನೀತಿಯ ಕರಡು ಬಂತು.

ನಿಮ್ಮ ಗೋಡೆ ವಿಷಯ ಓದಿದಾಗ ನಂಗೆ ನೆನಪಾಗಿದ್ದು ರಾಚ್‌ಡೇಲ್ ಅನ್ನೋ ಊರಿನ ಎರಡು ವರ್ಷದ ಮಗು ಅವಾಬ್. ಮನೆ ತುಂಬ ತೇವ, ಬೂಷ್ಟು. ತಂದೆ ಎಷ್ಟು ಸಲ ದೂರು ಕೊಟ್ರೂ ಮೇಲೆ ಬಣ್ಣ ಹೊಡ್ಕೊಳಿ ಅಂದ್ರಂತೆ. 2020ರ ಡಿಸೆಂಬರ್‌ನಲ್ಲಿ ಆ ಬೂಷ್ಟಿಂದಲೇ ಉಸಿರಾಟ ಕೆಟ್ಟು ಮಗು ತೀರ್ಕೊಂಡ್ತು. 2023ರಲ್ಲಿ ಕಾನೂನು ಬಂತು, ಅದ್ರಲ್ಲಿ ಇಂಥ ರಿಪೇರಿಗೆ ಗಡುವು ಹಾಕೋ ಭಾಗನ ಆ ಮಗು ಹೆಸರಲ್ಲೇ ಅವಾಬ್ ಕಾನೂನು ಅಂತಾರೆ. 2025ರ ಅಕ್ಟೋಬರಿಂದ ಜೀವಕ್ಕೆ ಅಪಾಯ ಅನ್ನೋಂಥದ್ದನ್ನ 24 ಗಂಟೆ ಒಳಗೆ ಸರಿ ಮಾಡ್ಬೇಕು, ಆರೋಗ್ಯಕ್ಕೆ ಕುತ್ತು ತರೋ ತೇವ ಬೂಷ್ಟು ಇದ್ರೆ 10 ಕೆಲಸದ ದಿನದೊಳಗೆ ಬಂದು ನೋಡ್ಬೇಕು.

ನಮ್ಮನ್ನ ಯಾಕೆ ಕೇಳಲ್ಲ ಅಂದ್ರೆ, ನಂಗನ್ಸೋದು, ಅವರ ಕಾಗದದಲ್ಲಿ ನಮ್ಮ ಹೆಸರು "ಫಲಾನುಭವಿ". ಬಾಡಿಗೆದಾರ ಅಂದ್ರೆ ದುಡ್ಡು ಕೊಟ್ಟು ಕೇಳೋನು, ಫಲಾನುಭವಿ ಅಂದ್ರೆ ಕೊಟ್ಟಿದ್ದನ್ನ ಕೈ ಮುಗಿದು ಇಸ್ಕೊಂಡೋನು, ಅವನು ಬಾಯಿ ತೆಗೆದ್ರೆ ಎಲ್ರಿಗೂ ಸಿಟ್ಟು. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ ಬಡವರ ಮನೆಗೆ 30 ಚದರ ಮೀಟರ್ ಅಂತ ಅಳತೆ ಇಟ್ಟಿತ್ತು. ಆ ಅಳತೆಯಲ್ಲಿ ನಿಮ್ಮತ್ತೆ ಮೊರ ಹಿಡ್ಕೊಂಡು ಕೂರೋ ಜಾಗ ಎಲ್ಲಿ? ನಕ್ಷೆ ಹಾಕೋ ಮೊದ್ಲು ಅವರನ್ನ ಒಂದು ಮಾತು ಕೇಳಿದ್ರೆ ನೆಲಮಹಡಿ ವಯಸ್ಸಾದೋರಿಗೆ ಬಿಡ್ರಪ್ಪ ಅಂತ ಅವರೇ ಹೇಳಿರೋರು. ಈಗ 2024ರಲ್ಲಿ ನಗರಗಳಿಗೆ ಇನ್ನೊಂದು ಕೋಟಿ ಮನೆ ಅಂತ ಎರಡನೇ ಹಂತ ಶುರುವಾಗಿದೆ, ಬಾಡಿಗೆ ಮನೆಗಳೂ ಅದ್ರಲ್ಲಿವೆ, ಕೇಳೋದಿದ್ರೆ ಈಗ್ಲೇ ಕೇಳ್ಬೇಕು.

ತೀರ್ಮಾನ ಮಾಡೋ ಸಮಿತೀಲಿ ಜನಕ್ಕೆ ಕಾನೂನಲ್ಲೇ ಕುರ್ಚಿ ಇಡೋದು ನಮಗೇನು ಹೊಸದಲ್ಲ. ಗಡಿಯಾರ ಕಂಬದ ಹತ್ರ ತಳ್ಳುಗಾಡಿ ಇಟ್ಕೊಂಡಿರೋರನ್ನ ಕೇಳಿ. 2014ರ ಬೀದಿಬದಿ ವ್ಯಾಪಾರಿಗಳ ಕಾನೂನಿನ ಪ್ರಕಾರ ಊರಿನ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40 ಕಮ್ಮಿ ಇಲ್ಲದಂಗೆ ವ್ಯಾಪಾರಿಗಳೇ ಇರ್ಬೇಕು, ಅವರೇ ಆರಿಸ್ಕೊಂಡೋರು, ಅದ್ರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಗಾಡಿಗೆ ಇರೋ ನ್ಯಾಯ ಮನೆಗೆ ಯಾಕಿಲ್ಲ? ವಸತಿ ಯೋಜನೆ ತೀರ್ಮಾನ ಮಾಡೋ ಡೆಲ್ಲಿ ಸಮಿತಿಗೂ ಬೆಂಗಳೂರಿನ ಸಮಿತಿಗೂ ಮನೇಲಿ ವಾಸ ಮಾಡೋರು ಬರ್ಲಿ, ಅದೂ ಕಾನೂನಲ್ಲಿ ಬರೆದಿರ್ಲಿ, ಇಲ್ದಿದ್ರೆ 2010ರಲ್ಲಿ ಇಂಗ್ಲೆಂಡಲ್ಲಿ ಆದಂಗೆ ಒಂದು ಸಹಿಗೆ ಹೋಗುತ್ತೆ.

ಸದ್ಯಕ್ಕೆ ನಿಮ್ಮ ಬ್ಲಾಕಿನೋರೆಲ್ಲ ಸೇರಿ ಸಂಘ ಮಾಡ್ಕೊಳಿ. ಗೋಡೆ ಫೋಟೋ ತಾರೀಖು ಸಮೇತ ಇಟ್ಕೊಳಿ. ರಿಪೇರಿ ಯಾರ ಜವಾಬ್ದಾರಿ, ಒಪ್ಪಂದದಲ್ಲಿ ಏನಿದೆ ಅಂತ ಮಾಹಿತಿ ಹಕ್ಕಲ್ಲಿ ಕೇಳಿ, 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡ್ಬೇಕು (ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಅದಕ್ಕೇ ಎಷ್ಟೋ ಅರ್ಜಿ ವಾಪಸ್ ಬರುತ್ವೆ). ಮೂರು ಲಕ್ಷ ಜನ ದಾಟಿದ ಊರಲ್ಲಿ ವಾರ್ಡ್ ಸಮಿತಿ ಇರ್ಬೇಕು ಅಂತ ಸಂವಿಧಾನದಲ್ಲೇ ಇದೆ, 2011ರ ಜನಗಣತಿಯಲ್ಲೇ ದಾವಣಗೆರೆ ನಾಲ್ಕು ಲಕ್ಷ ದಾಟಿತ್ತು. ನಿಮ್ಮ ವಾರ್ಡಿನ ಸಮಿತಿ ಯಾವಾಗ ಸೇರುತ್ತೆ ಅಂತ ಪಾಲಿಕೆಯಲ್ಲಿ ಬರವಣಿಗೇಲಿ ಕೇಳಿ.

ಪ್ರಶ್ನೆ: ನಮ್ಮೂರಲ್ಲಿ ಮನೆ ಪಟ್ಟಿ ಮೊದ್ಲೇ ರೆಡಿ ಮಾಡ್ಕೊಂಡು ಬಂದು ಗ್ರಾಮಸಭೇಲಿ ಓದಿ ಸಹಿ ಹಾಕಿಸ್ಕೊಳ್ತಾರೆ. ಏನು ಮಾಡೋದು?
— ಓದುಗರು, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಉತ್ತರ: ಫಲಾನುಭವಿಗಳನ್ನ ಆರಿಸೋ ಜಾಗ ಗ್ರಾಮಸಭೇನೇ ತಮ್ಮಾ. ಖಾಲಿ ಹಾಳೆಗೆ ಸಹಿ ಹಾಕ್ಬೇಡಿ. ಎದ್ದು ನಿಂತು ತಕರಾರು ಹೇಳಿ, ಅದನ್ನ ನಡಾವಳಿ ಪುಸ್ತಕದಲ್ಲಿ ಬರೆಯೋವರೆಗೂ ಕೂರ್ಬೇಡಿ. ಆಮೇಲೆ ಆ ನಡಾವಳಿಯ ನಕಲು ಇಸ್ಕೊಳಿ.