ಹೊಗೆ ಒಳಗೇ ತಿರುಗುತ್ತಿದ್ದರೆ ಕೊಳವೆಯ ಎತ್ತರ ನೋಡಿ

ನಮಸ್ಕಾರ. ಬಾದಾಮಿ ಹತ್ತಿರದ ನಿಮ್ಮ ಮಾಳಿಗೆ ಮನೆಯಲ್ಲಿ ಹೊಸ ಅಸ್ತ್ರ ಒಲೆ (ಹೊಗೆಕೊಳವೆ ಇರುವ ಸುಧಾರಿತ ಕಟ್ಟಿಗೆ ಒಲೆ) ಹಾಕಿಸಿದರೂ ರೊಟ್ಟಿ ಬಡಿಯುವಾಗ ಹೊಗೆ ಒಳಗೇ ತುಂಬುತ್ತದೆ, ಹೊಗೆಕೊಳವೆ ಕುಂಬಿಗಿಂತ (ಮಾಳಿಗೆಯ ಅಂಚಿನ ಗಿಡ್ಡ ಗೋಡೆಗಿಂತ) ಗೇಣು ಮಾತ್ರ ಮೇಲಿದೆ ಎಂದು ಬರೆದಿದ್ದೀರಿ. ದೋಷ ಬಹುಶಃ ಒಲೆಯದಲ್ಲ, ಆ ಗೇಣಿನದು. ಕುಂಬಿಗೆ ಬಡಿದ ಗಾಳಿ ಸುಳಿದು ಹೊಗೆಯನ್ನು ಕೆಳಗೆ ದಬ್ಬುತ್ತದೆ. ಕೊಳವೆಯನ್ನು ಮಾಳಿಗೆಯಿಂದ ಕನಿಷ್ಠ 3 ಅಡಿ, ಸುತ್ತ 10 ಅಡಿಯೊಳಗಿನ ಗೋಡೆ, ಕುಂಬಿಗಿಂತ 2 ಅಡಿ ಮೇಲಕ್ಕೆ ಏರಿಸಿ. ನಡುವೆ ಬಾಗು ಬೇಡ. ಬಿಸಿ ಹೊಗೆ ಹಗುರ. ಕೊಳವೆ ನೇರವಾಗಿ ಎತ್ತರಕ್ಕಿದ್ದಷ್ಟೂ ಸೆಳೆತ ಹೆಚ್ಚು.

ನಮ್ಮ ತಾಯಿ ಬೆಳಿಗ್ಗೆ ಮೊದಲು ಕೊಳವೆಯ ಬುಡದ ಕಿಂಡಿಯಲ್ಲಿ ಹಳೆಯ ಪತ್ರಿಕೆಯ ಒಂದು ಹಾಳೆ ಉರಿಸುತ್ತಾರೆ; ತಣ್ಣಗಿದ್ದ ಕೊಳವೆ ಬೆಚ್ಚಗಾಗಿ ಎಳೆಯತೊಡಗುತ್ತದೆ. ನೀವೂ ಹಾಗೇ ಮಾಡಿ, ಆಮೇಲೆ ಕಿಂಡಿ ಮುಚ್ಚಿ ಸಂದಿಗೆ ಹಸಿ ಮಣ್ಣು ಮೆತ್ತಿ. ಹಸಿ ಜಾಲಿ ಕಟ್ಟಿಗೆ ಖಂಡಿತ ಬೇಡ, ಮಸಿ ಕಟ್ಟುತ್ತದೆ. ಅಜ್ಜಿಗೆ ಕೆಮ್ಮು ಎಂದಿದ್ದೀರಿ, ದಯವಿಟ್ಟು ಈ ವಾರವೇ ಕೊಳವೆ ಏರಿಸಿ.