ಓದುಗರ ಪ್ರಶ್ನೆ: ಯಾವ ಸೈಕಲ್ ಕೊಳ್ಳಲಿ?

ಪ್ರಶ್ನೆ: ನನಗೀಗ 52 ವರ್ಷ. ಮೈಸೂರಿನಲ್ಲಿ ಬೆಳಗಿನ ಹೊತ್ತು ಹತ್ತು ಹದಿನೈದು ಕಿಲೋಮೀಟರ್ ಸೈಕಲ್ ತುಳಿಯುವ ಆಸೆಯಿದೆ. ದಪ್ಪ ಟೈರಿನ ಗೇರ್ ಸೈಕಲ್ ಕೊಳ್ಳಬಹುದೇ?

ಉತ್ತರ: ಡಾಂಬರು ರಸ್ತೆಯಲ್ಲೇ ಓಡಿಸುವುದಾದರೆ, ಕಾಡುಹಾದಿಗೆಂದು ರೂಪಿಸಿದ ಆ ದಪ್ಪ ಟೈರೂ ಕುಲುಕಾಟ ತಡೆಯುವ ಮುಂದಿನ ಸಸ್ಪೆನ್ಷನ್ನೂ ತುಳಿಯುವ ಶ್ರಮವನ್ನು ಹೆಚ್ಚಿಸುತ್ತವೆ, 35ರಿಂದ 40 ಮಿಲಿಮೀಟರ್ ಅಗಲದ ಟೈರಿರುವ, ಬೆನ್ನು ಹೆಚ್ಚು ಬಾಗದಂತೆ ಕೂರಿಸುವ ಹೈಬ್ರಿಡ್ ಸೈಕಲ್ ನಿಮಗೆ ಸಾಕು. ಚಾಮುಂಡಿ ಬೆಟ್ಟ ಹತ್ತುವ ಮನಸ್ಸೂ ಇದ್ದರೆ, ಗೇರುಗಳ ಎಣಿಕೆಗಿಂತ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲುಗಳಿವೆಯೆಂದು ವಿಚಾರಿಸಿ; ಹಲ್ಲು ಹೆಚ್ಚಿದ್ದಷ್ಟೂ ಏರು ಹತ್ತುವುದು ಹಗುರ. ಅಂಗಡಿಯಲ್ಲಿ ಬಣ್ಣಕ್ಕಿಂತ ಮೊದಲು ಅಳತೆ ನೋಡಬೇಕು: ಸೀಟಿನ ಮೇಲೆ ಕುಳಿತು, ಪೂರ್ತಿ ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾದರೆ ನೋಯುವುದು ಮಂಡಿ, ಬೈಗುಳ ಮಾತ್ರ ಸೈಕಲ್ಲಿಗೆ!