ಕೆರೆ ಕಟ್ಟಿದ ಮೇಲೆ ಬಂದ ಊರು

ಕೋಲಾರದ ಕಡೆ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ, ಆದರೂ ಇಷ್ಟೊಂದು ಹಳ್ಳಿ ಹೇಗೆ ಹುಟ್ಟಿದವು ಅಂತ ಕೇಳಿದಿರಲ್ಲ. ಕೆರೆಯಿಂದಲೇ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು, ಮಳೆ ನೀರು ನಿಂತಿತು, ಪಕ್ಕದಲ್ಲಿ ಜನ ನೆಲೆ ನಿಂತರು. ಕೆರೆ ತುಂಬಿದರೆ ಕೋಡಿ ಬಿದ್ದು, ಕಾಲುವೆ ಹಿಡಿದು ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಪಾಲಾರ್ ನದಿ ನಮ್ಮ ಜಿಲ್ಲೆ ಹಾದು ತಮಿಳುನಾಡಿಗೆ ಹೋಗುತ್ತದೆ ನಿಜ. ಆದರೆ 1892ರ ಮದ್ರಾಸ್–ಮೈಸೂರು ಒಪ್ಪಂದ ಆದಮೇಲೆ ಅದಕ್ಕೆ ಹೊಸ ಅಣೆಕಟ್ಟು ಹಾಕಲು ಮದ್ರಾಸಿನ ಒಪ್ಪಿಗೆ ಬೇಕಾಯಿತು. ಹಳೇ ಕೆರೆಗಳನ್ನೇ ನಂಬಿಕೊಂಡೆವು.

ಏರಿ ಕೆಳಗಿನ ಗದ್ದೆಯಲ್ಲಿ ಭತ್ತ, ಮೇಲಿನ ಹೊಲದಲ್ಲಿ ರಾಗಿ, ಅವರೆ. ಮಣ್ಣು ಕೆಲಸದ ಬೋವಿಗಳು, ಕುಂಬಾರರು, ಅಗಸರು, ಎಲ್ಲರಿಗೂ ಕೆರೆ ಬೇಕಿತ್ತು. ಆಂಧ್ರ ಪಕ್ಕದಲ್ಲೇ ಅಲ್ವಾ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿಯ ಕಡೆ ತಮಿಳೂ ಸೇರುತ್ತದೆ.

ಇಲ್ಲಿ ನೀವು ತಿಳಿಯಲೇಬೇಕಾದವನು ನೀರುಗಂಟಿ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನು. ತೂಬು ಅಂದರೆ ಕಲ್ಲಿನ ಕಂಬಗಳ ನಡುವೆ ಇಳಿಬಿಟ್ಟ ಉದ್ದ ಕೋಲು, ತುದಿಯಲ್ಲಿ ತೂತು ಮುಚ್ಚುವ ಬಿರಡೆ. ಅದನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲ ಅವನ ಲೆಕ್ಕ. ಗೌಡರ ಗದ್ದೆಯಾದರೂ ತಾವೇ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ನೀರು ಕಡಿಮೆ ಇದ್ದ ವರ್ಷ ಎಷ್ಟು ಗದ್ದೆ ನಾಟಿ ಮಾಡಬೇಕು ಅಂತ ಊರವರು ಕೂತು ತೀರ್ಮಾನ ಮಾಡುತ್ತಿದ್ದರು. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಕಣದಲ್ಲೇ ಅಳೆದು ಕೊಡುತ್ತಿದ್ದರು. ಈ ಕೆಲಸ ಮಾಡಿದವರು ಹೆಚ್ಚಾಗಿ ದಲಿತರು. ಊರಿಗೆಲ್ಲ ನೀರು ಹಂಚಿದವರ ಕೇರಿ ಮಾತ್ರ ಊರಾಚೆಗೇ ಉಳಿಯಿತು. ಊರು ಬೆಳೆದ ಕಥೆಯಲ್ಲಿ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸಿಲ್ಲ.

ಕೊಳವೆಬಾವಿ ಬಂತು. ಅವರವರ ನೀರು ಅವರವರದಾಯಿತು. ಹಾಲು, ರೇಷ್ಮೆ, ಟೊಮೆಟೊದಿಂದ ಕೈಗೆ ಕಾಸು ಬಂತು, ತಾರಸಿ ಮನೆಗಳೆದ್ದವು. ಕೆರೆಯಲ್ಲಿ ಹೂಳು ತುಂಬಿ ಜಾಲಿ ಬೆಳೆಯಿತು. ಆಮೇಲೆ ಸಾವಿರ ಅಡಿ ಕೊರೆದರೂ ನೀರಿಲ್ಲ ಅನ್ನುವ ಸ್ಥಿತಿ ಬಂತು.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಒಣಗಿದ್ದ ಎಷ್ಟೋ ಕೊಳವೆಬಾವಿಗಳಲ್ಲಿ ಮತ್ತೆ ನೀರು ಬಂದಿದೆ, ರೈತರಿಗೆ ಖುಷಿ ಇದೆ. ಆದರೆ ಆ ನೀರನ್ನು ಎರಡು ಹಂತ ಮಾತ್ರ ಶುದ್ಧ ಮಾಡುತ್ತಾರೆ. ಅದು ಇಂಗಿ ಸೇರುವುದು ನಾವು ಕುಡಿಯುವ ಅಂತರ್ಜಲಕ್ಕೇ. ಮೂರನೇ ಹಂತವೂ ಆಗಲಿ ಅಂತ ಇಲ್ಲಿನ ಜನ ಕೇಳುತ್ತಲೇ ಇದ್ದಾರೆ, ನಾನೂ ಅದನ್ನೇ ಕೇಳುತ್ತೇನೆ.